ಸರ್ಕಾರದ ಕಡೆಯ ಕುರ್ಚಿ

“ಯಾಕೆ, ಈ ಮನೇಲಿ ವಕೀಲರು ಸತ್ತುಹೋಗಿದಾರಾ?”

ಅತ್ತೆಯ ದನಿಗೆ ಸೊಸೆಯ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಇದ್ದಲ್ಲೇ ನಿಂತಿತು. ಮೇಜಿನ ಮೇಲೆ ಮಾವನ ಕಪ್ಪು ಕೋಟು ಹರಡಿತ್ತು. ಅದರ ಪಕ್ಕ ಅವಳು ಇಟ್ಟಿದ್ದ ವಿಳಾಸದ ಚೀಟಿಯನ್ನು ಅತ್ತೆ ಸತ್ತ ಜಿರಲೆಯನ್ನು ಹಿಡಿದಂತೆ ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದರು.

“ಹಾಗಲ್ಲ ಅತ್ತೆ... ಆ ವಕೀಲಮ್ಮ ಸರ್ಕಾರದ ಮೇಲಿನ ಕೇಸುಗಳನ್ನೇ ನಡೆಸೋರಂತೆ. ತುಂಬಾ ಅನುಭವ ಇದೆಯಂತೆ. ಒಂದು ಮಾತು ಕೇಳಿ ನೋಡೋಣ ಅಂತ...”

“ಅನುಭವ! ನಿಮ್ಮ ಮಾವ ಜೀವಮಾನವಿಡೀ ಸರ್ಕಾರಕ್ಕೇ ಬುದ್ಧಿ ಹೇಳಿದೋರು. ಅವರಿಗಿಲ್ಲದ ಅನುಭವ ಅವಳಿಗೆಲ್ಲಿಂದ ಬಂತು? ಗಂಡನ್ನ ಕಳ್ಕೊಂಡೋಳು ಅಂತ ಸುಮ್ನಿದ್ರೆ ತಲೆ ಮೇಲೆ ಹತ್ತಿ ಕೂತ್ಕೊಳ್ತೀಯಾ?”

ಚೀಟಿ ಎರಡು ಹೋಳಾಗಿ ಕಸದ ಬುಟ್ಟಿಗೆ ಬಿತ್ತು. ಸೊಸೆ ಬಾಯಿ ಬಿಡಲಿಲ್ಲ. ಇಂಥ ಹೊತ್ತಿನಲ್ಲಿ ಬಾಯಿ ಬಿಡದ ಸೊಸೆಯರನ್ನು ನಾವೆಲ್ಲ ಬಹಳ ಒಳ್ಳೆಯವರು ಎಂದು ಹೊಗಳುತ್ತೇವೆ. ಹೊಗಳಿಕೆಯಿಂದ ಅವರಿಗೆ ಬಂದ ಭಾಗ್ಯ ಅಷ್ಟರಲ್ಲೇ ಇದೆ!

ಅವಳ ಗಂಡ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದ. ದೊಡ್ಡ ವಕೀಲರ ಒಬ್ಬನೇ ಮಗ. “ಇವನಿಗೆ ಓದು ಹತ್ತಲಿಲ್ಲ, ಅದಕ್ಕೆ ಕಂಬ ಹತ್ತಿದ” ಎಂದು ತಂದೆಯೇ ಎಲ್ಲರೆದುರು ನಗುತ್ತಿದ್ದರು. ನಗುವಿನ ಹಿಂದೆ ಮಗನ ಮೇಲೆ ಪ್ರಾಣವಿತ್ತು. ಗಾಳಿಮಳೆಯ ಒಂದು ಸಂಜೆ ಮೇಲಧಿಕಾರಿ ಫೋನ್ ಮಾಡಿ, ಕರೆಂಟು ತೆಗೆದಿದ್ದೇವೆ, ತಕ್ಷಣ ಕಂಬ ಹತ್ತು ಎಂದರು. ಅವನು ಹತ್ತಿದ. ಮೇಲಿರುವಾಗಲೇ ಯಾರೋ ತಂತಿಗೆ ಕರೆಂಟು ಹರಿಸಿಬಿಟ್ಟರು... ಊಟಕ್ಕೆ ಬರುತ್ತೇನೆಂದು ಹೋದ ಜೀವ ತಂತಿಯ ಮೇಲೇ ನಿಂತುಹೋಯಿತು.

ಇಲಾಖೆ ಕೈತೊಳೆದುಕೊಂಡಿತು. ಕರೆಂಟು ತೆಗೆಸದೆ, ಅನುಮತಿ ಕೇಳದೆ ಅವನೇ ಹತ್ತಿದ, ತಪ್ಪು ಅವನದೇ ಎಂದಿತು. ಸತ್ತವನದೇ ತಪ್ಪಾದರೆ ಹೆಂಡತಿಗೆ ಪರಿಹಾರವೂ ಇಲ್ಲ, ಅವನ ಬದಲಿಗೆ ನೌಕರಿಯೂ ಇಲ್ಲ. ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಹಗಲೆಲ್ಲ ಇಸ್ತ್ರಿ ಹಾಕಿ ಅವಳು ಮಗಳನ್ನು ಹೇಗೋ ಸಾಕಿಯಾಳು. ಆದರೆ “ಅಪ್ಪ ತಪ್ಪು ಮಾಡಿ ಸತ್ತರಂತೆ, ಹೌದಾ ಅಮ್ಮ?” ಎಂದು ಆ ಮಗು ಶಾಲೆಯಿಂದ ಬಂದು ಕೇಳಿದಾಗ ಏನೆಂದು ಹೇಳಬೇಕು? ಆ ಒಂದು ಮಾತಿಗಾಗಿಯೇ ಅವಳು ಸರ್ಕಾರದ ಮೇಲೆ ಕೇಸು ಹಾಕಿದ್ದಳು.

ಮಾವ ನಿವೃತ್ತ ಸರ್ಕಾರಿ ವಕೀಲರು. ಇಲಾಖೆಗಳ ಮೇಲೆ ಯಾರು ಏನೇ ಕೇಸು ಹಾಕಿದರೂ ಸರ್ಕಾರದ ಪರ ಎದ್ದು ನಿಲ್ಲುತ್ತಿದ್ದವರು ಅವರೇ. ಅವರು ಕೋರ್ಟಿನ ಮೊಗಸಾಲೆಗೆ ಬಂದರೆ ಗುಮಾಸ್ತರು “ಸರ್ಕಾರ ಬಂತು, ಎದ್ದೇಳ್ರಪ್ಪಾ” ಎಂದು ತಮಾಷೆ ಮಾಡುತ್ತಿದ್ದರು. ಈಗ ಮೊದಲ ಸಲ ಸರ್ಕಾರದ ವಿರುದ್ಧ, ಅದೂ ಸ್ವಂತ ಮಗನಿಗಾಗಿ ಕೋಟು ತೊಡಲು ಹೊರಟಿದ್ದರು. ಇತ್ತೀಚೆಗೆ ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದರು, ನಿಜ. ಸೊಸೆ ಆ ಮಾತೆತ್ತಿದರೆ ಅತ್ತೆ ಉರಿದು ಬೀಳುತ್ತಿದ್ದರು. “ನಿನ್ನ ವಯಸ್ಸಲ್ಲಿ ನಿಂಗೇ ಎಲ್ಲ ನೆನಪಿರಲ್ಲ. ಅವರ ತಪ್ಪು ಹುಡುಕೋಕೆ ಬಂದ್ಯಾ?” ಯಾರು ಅವರನ್ನು ಏನೇ ಕೇಳಿದರೂ ಅತ್ತೆಯೇ ಮೊದಲು ಉತ್ತರ ಕೊಟ್ಟುಬಿಡುತ್ತಿದ್ದರು.

ವಿಚಾರಣೆಯ ದಿನ ಕೋರ್ಟಿನ ಹಾಲು ಕಿಕ್ಕಿರಿದಿತ್ತು. ಗೋಡೆಯ ಬಣ್ಣ ಸೊಂಟದೆತ್ತರಕ್ಕೆ ಜಿಡ್ಡುಗಟ್ಟಿತ್ತು, ಮೇಲೆ ಫ್ಯಾನು ಕಿರ್ರೆನ್ನುತ್ತ ತಿರುಗುತ್ತಿತ್ತು. ಕೇಸು ಕೂಗಿದರು. ಮಾವ ಎದ್ದು ನೆಟ್ಟಗೆ ನಡೆದರು. ನಡೆದದ್ದು ಎಡಗಡೆಗೆ! ಜೀವಮಾನವೆಲ್ಲ ಕೂತ ಕುರ್ಚಿ ಅಲ್ಲಿತ್ತು, ಕಾಲಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಅಲ್ಲಿ ಕೂತಿದ್ದ ಈಗಿನ ಸರ್ಕಾರಿ ವಕೀಲ ಹಿಂದೆ ಅವರ ಕೈಕೆಳಗೇ ಕೆಲಸ ಕಲಿತವನು. ಗುರುಗಳನ್ನು ಆಚೆ ಹೋಗಿ ಎನ್ನಲು ಬಾಯಿ ಬರದೆ ಪಕ್ಕಕ್ಕೆ ಸರಿದು ಜಾಗ ಬಿಟ್ಟ.

ಆರಂಭವೇನೋ ಚೆನ್ನಾಗಿಯೇ ಆಯಿತು. ಮಾವನ ದನಿ ಗಟ್ಟಿಯಾಗಿತ್ತು, ಮಾತು ತೂಕವಾಗಿತ್ತು. ಅತ್ತೆ ಸೊಸೆಯ ಕಡೆ ನೋಡಿದ್ದೇ ನೋಡಿದ್ದು, ನೋಡಿದೆಯಾ ಎಂಬಂತೆ. ಆಮೇಲೆ ನ್ಯಾಯಾಧೀಶರು ಸರ್ಕಾರಿ ವಕೀಲನತ್ತ ತಿರುಗಿದರು.

“ಮೃತನಿಗೆ ಅನುಮತಿ ಇರಲಿಲ್ಲ ಅಂತೀರಿ. ಅದಕ್ಕೆ ಆಧಾರ ಏನು?”

ಆ ಹುಡುಗ ತಡವರಿಸಿದ. ಕಾಗದ ತಿರುವಿದ, ಕೆಮ್ಮಿದ, ಮತ್ತೆ ತಿರುವಿದ. ಸರ್ಕಾರದ ವಕೀಲ ಹೀಗೆ ಬಾಯಿ ಬಾಯಿ ಬಿಡುವುದನ್ನು ಮಾವನಿಗೆ ನೋಡಲಾಗಲಿಲ್ಲ. ಅವನ ಭುಜದ ಮೇಲೆ ಕೈಯಿಟ್ಟು, “ಕೂತ್ಕೋಪ್ಪ, ನಾನು ಹೇಳ್ತೀನಿ” ಎಂದರು.

“ಸ್ವಾಮಿ, ಕಂಬ ಹತ್ತುವ ಮೊದಲು ಕರೆಂಟು ಹೋಗಿದೆಯೇ ಎಂದು ನೋಡಿಕೊಳ್ಳುವುದು ಕೆಲಸಗಾರನ ಹೊಣೆ. ಈತ ನೋಡಿಕೊಂಡಿಲ್ಲ. ಬಾಯಿಮಾತಿನ ಆದೇಶ ಇತ್ತೆಂಬುದು ಆಮೇಲೆ ಕಟ್ಟಿದ ಕಥೆ. ಇದು ಮೃತನ ಸ್ವಂತ ನಿರ್ಲಕ್ಷ್ಯ. ಸರ್ಕಾರದ ತಪ್ಪು ಎಳ್ಳಷ್ಟೂ ಇಲ್ಲ.”

ನ್ಯಾಯಾಧೀಶರು ಕನ್ನಡಕ ತೆಗೆದರು.

“ವಕೀಲರೇ... ತಾವು ಮೃತನ ಹೆಂಡತಿಯ ಪರ ಇದ್ದೀರಿ. ಇದನ್ನು ಒಪ್ಪಿಕೊಳ್ಳುತ್ತಿದ್ದೀರಾ?”

“ಒಪ್ಪುವುದೇನು ಬಂತು ಸ್ವಾಮಿ? ಇದ್ದದ್ದು ಇದ್ದ ಹಾಗೆ ಹೇಳಿದೆ.”

ಅಯ್ಯೋ! ಹೆತ್ತ ತಂದೆಯ ಬಾಯಿಂದಲೇ...! ಸೊಸೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನ್ಯಾಯಾಧೀಶರು ಹೇಳಿದ್ದನ್ನು ಬರೆಸಿಕೊಂಡು ಕೇಸನ್ನು ಮುಂದಕ್ಕೆ ಹಾಕಿದರು. ಮಾವ ನಗುನಗುತ್ತ ಹೊರಬಂದು, ಇವತ್ತು ಚೆನ್ನಾಗಿ ನಡೆಯಿತು, ಒಂದು ಲೋಟ ಚಹಾ ಕುಡಿಯೋಣ ಎಂದರು.

ಮನೆಗೆ ಬಂದ ಮೇಲೆ ಸೊಸೆ ಅಡುಗೆಮನೆಯ ಬಾಗಿಲು ಹಾಕಿದಳು. ಮದುವೆಯಾಗಿ ಬಂದಾಗಿನಿಂದ ಎತ್ತದ ದನಿ ಅವತ್ತು ಎತ್ತಿದಳು.

“ನಿಮಗೆ ಗೊತ್ತಿತ್ತು! ಗೊತ್ತಿದ್ದೂ ಅವರನ್ನ ಅಲ್ಲಿ ನಿಲ್ಲಿಸಿದ್ರಿ! ನನ್ನ ಮೇಲೆ ಹಗೆ ಇದ್ರೆ ನನಗೆ ಹೊಡೀರಿ ಅತ್ತೆ. ನಿಮ್ಮ ಮಗ ಏನು ಮಾಡಿದ್ರು?”

ಅತ್ತೆ ಜಗಳಕ್ಕೆ ಬರಲಿಲ್ಲ. ಒಲೆಯ ಪಕ್ಕ ಕುಸಿದು ಕೂತರು.

“ಗೊತ್ತಿತ್ತು ಕಣೇ... ಅವನು ಹೋದ ಮೇಲೆ ಶುರುವಾಯ್ತು. ಬೆಳಗಾದ್ರೆ ‘ಮಗ ಎಲ್ಲಿ?’ ಅಂತಾರೆ. ಮೊದಮೊದಲು ನಿಜ ಹೇಳ್ತಿದ್ದೆ. ಹೇಳಿದಾಗಲೆಲ್ಲ ಅವನು ಅವತ್ತೇ ಸತ್ತ ಹಾಗೆ ಬಿದ್ದು ಅಳೋರು. ಅದನ್ನ ನೋಡೋಕಾಗ್ದೆ ‘ಡ್ಯೂಟಿಗೆ ಹೋಗಿದಾನೆ’ ಅನ್ನೋಕೆ ಶುರು ಮಾಡ್ದೆ.”

“ಮತ್ತೆ ಈ ಕೇಸು ಯಾಕೆ ಅವರ ಕೈಗೆ ಕೊಟ್ರಿ?”

“ಆ ಫೈಲು ಓದ್ತಾ ಇರೋವಷ್ಟು ಹೊತ್ತು ಅವರಿಗೆ ಎಲ್ಲಾ ನೆನಪಿರುತ್ತೆ. ಮಗ ಇಲ್ಲ ಅನ್ನೋದೂ ನೆನಪಿರುತ್ತೆ. ಆಗ ನನ್ನ ಕೈ ಹಿಡ್ಕೊಂಡು, ಬಿದ್ದು ಗೋಳಾಡದೆ, ಮನುಷ್ಯರ ಹಾಗೆ ಅಳ್ತಾರೆ. ಉಳಿದ ಹೊತ್ತೆಲ್ಲ ನಾನೊಬ್ಳೇ... ಹೆತ್ತೋಳು ಕಣೇ ನಾನು! ಅಳೋಕೆ ನನಗೊಂದು ಜೊತೆ ಬೇಡ್ವೇನೇ!”

ಸೊಸೆಯ ಕೋಪ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. “ನಾನಿದ್ದೆನಲ್ಲ ಅತ್ತೆ” ಎಂದಳು. ಅತ್ತೆ ಅವಳ ಮುಖ ನೋಡಿದರು. ಆ ಯೋಚನೆ ಅವರಿಗೆ ಬಂದೇ ಇರಲಿಲ್ಲ.

ಮಾರನೆಯ ದಿನ ಅತ್ತೆಯೇ ಮುಂದೆ ನಿಂತು ಆ ವಕೀಲಮ್ಮನನ್ನು ಹುಡುಕಿಸಿದರು. ಆಕೆ ನರೆತ ಕೂದಲಿನ ಹೆಂಗಸು, ಸರ್ಕಾರದ ವಿರುದ್ಧ ಬಡಿದಾಡಿಯೇ ಹಣ್ಣಾದವರು. ಮನೆಗೇ ಬಂದರು. “ನಿಮ್ಮ ಮಾವನ ಎದುರು ನಾನು ಸೋತಷ್ಟು ಯಾರೂ ಸೋತಿಲ್ಲ” ಎಂದು ನಗಲು ಹೋಗಿ ಆಗದೆ ಬಿಟ್ಟರು. ವಿಷಯ ಮಾತ್ರ ಕಠಿಣವಾಗಿತ್ತು. ವಕೀಲರು ಕೋರ್ಟಿನಲ್ಲಿ ಒಪ್ಪಿದ ಮಾತು ಕಕ್ಷಿದಾರಳು ಒಪ್ಪಿದಂತೆಯೇ. ಅದನ್ನು ಅಳಿಸಬೇಕಾದರೆ ಆ ಹೊತ್ತಿಗೆ ವಕೀಲರ ಬುದ್ಧಿ ಸ್ವಾಧೀನದಲ್ಲಿ ಇರಲಿಲ್ಲವೆಂದು ಬರೆದು, ಪ್ರಮಾಣ ಮಾಡಿ, ತುಂಬಿದ ಕೋರ್ಟಿನಲ್ಲಿ ಓದಬೇಕು.

“ಬೇಡ” ಎಂದಳು ಸೊಸೆ. “ಅವರ ಮರ್ಯಾದೆ ತೆಗೆದು ಬರೋ ನೌಕರಿ ನನಗೆ ಬೇಡ. ಕೇಸು ಬಿಟ್ಟುಬಿಡ್ತೀನಿ.”

“ಯಾರಮ್ಮ ಕೇಸು ಬಿಡೋದು?”

ಮಾವ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಫೈಲಿತ್ತು. ಕಣ್ಣು ಕೆಂಪಾಗಿತ್ತು.

“ನಾನು ನಿನ್ನೆ ಏನು ಹೇಳ್ದೆ ಅಂತ ನನಗೆ ನೆನಪಿಲ್ಲ. ನಿಮ್ಮ ಮುಖ ನೋಡಿದ್ರೆ ಗೊತ್ತಾಗ್ತಿದೆ. ನನ್ನ ಮಗನ ಮೇಲೆ ತಪ್ಪು ಹೊರಿಸಿದ್ನಾ?”

ಯಾವಾಗಲೂ ಮೊದಲು ಉತ್ತರ ಕೊಡುವ ಅತ್ತೆಯೂ ಮುಖ ತಿರುಗಿಸಿಕೊಂಡರು. ಮಾವ ನಿಧಾನವಾಗಿ ಬಂದು ಕೂತು, ಕಾಗದ ತೆಗೆದುಕೊಳ್ಳಿ ಎಂದು ವಕೀಲಮ್ಮನಿಗೆ ಸನ್ನೆ ಮಾಡಿದರು. ಮೊದಲು ಬೇರೆ ವಕೀಲರನ್ನು ನೇಮಿಸಿಕೊಳ್ಳಲು ತಮ್ಮ ಒಪ್ಪಿಗೆ ಬರೆದು ಸಹಿ ಹಾಕಿದರು. ಆಮೇಲೆ ತಮ್ಮ ವಿರುದ್ಧದ ಹೇಳಿಕೆಯನ್ನು ತಾವೇ ಹೇಳಿ ಬರೆಸತೊಡಗಿದರು.

ವಕೀಲಮ್ಮ “ವಯೋಸಹಜ ಮರೆವು” ಎಂದು ಬರೆಯಲು ಹೋದಾಗ ತಡೆದರು.

“ಹಾಗೆ ಮೆತ್ತಗೆ ಬರೀಬೇಡಿ. ಅದರಲ್ಲೇ ಸಂದು ಹುಡುಕಿ ಸರ್ಕಾರ ನುಗ್ಗುತ್ತೆ. ನಾನಾಗಿದ್ರೆ ನುಗ್ಗುತ್ತಿದ್ದೆ. ‘ಬುದ್ಧಿ ಕೆಟ್ಟಿದೆ, ವಕೀಲಿಗೆ ಇನ್ನು ಅರ್ಹರಲ್ಲ’ ಅಂತ ಬರೀರಿ. ಇನ್ನೊಂದು. ಬಾಯಿಮಾತಿನ ಆದೇಶ ಇರಲಿಲ್ಲ ಅಂತ ಅವರು ಹೇಳಿದಾಗ, ಆ ಮೇಲಧಿಕಾರಿಯನ್ನೇ ಸಾಕ್ಷಿಕಟ್ಟೆಗೆ ಕರೀರಿ. ನಾನು ಯಾವತ್ತೂ ಅಂಥೋರನ್ನ ಹತ್ತಿಸಲಿಲ್ಲ. ಹತ್ತಿಸಿದ್ರೆ ಸೋಲ್ತೀನಿ ಅಂತ ಗೊತ್ತಿತ್ತು.”

ಅಷ್ಟು ಹೇಳಿ ಅವರು ಸ್ವಲ್ಪ ಹೊತ್ತು ತಮ್ಮ ಅಂಗೈಯನ್ನೇ ನೋಡಿಕೊಂಡರು. ಹಾಗೆ ಗೆದ್ದ ಕೇಸುಗಳಲ್ಲಿ ಎಷ್ಟು ಹೆಂಡಂದಿರು ಬರಿಗೈಯಲ್ಲಿ ಮನೆಗೆ ಹೋದರೋ! ಬಳಿಕ ಹೆಂಡತಿಯ ಕಡೆ ತಿರುಗಿದರು.

“ಪ್ರಮಾಣ ನೀನು ಮಾಡಬೇಕು. ದಿನಾ ಕಣ್ಣಾರೆ ನೋಡಿದೋಳು ನೀನು.”

“ನನ್ನ ಬಾಯಿಂದ ನಿಮಗೆ ಬುದ್ಧಿ ಕೆಟ್ಟಿದೆ ಅನ್ಲಾ? ನಾಲಿಗೆ ಬಿದ್ದುಹೋಗುತ್ತೆ ರೀ...!”

“ಹೇಳು. ನನಗೆ ನೆನಪಿರಲ್ಲ ಬಿಡು, ನೋವಾಗಲ್ಲ. ಮಗು ದೊಡ್ಡವಳಾಗಿ ಅಪ್ಪನ ವಿಷಯ ಕೇಳ್ತಾಳೆ. ತಾತನ ವಿಷಯ ಯಾರು ಕೇಳ್ತಾರೆ?”

ಮುಂದಿನ ವಿಚಾರಣೆಗೆ ಎಲ್ಲರೂ ಹೋದರು. ಮಾವ ಬಿಳಿ ಅಂಗಿಯಲ್ಲಿ ಹಿಂದಿನ ಬೆಂಚಿನ ಮೇಲೆ, ಕಕ್ಷಿದಾರರ ನಡುವೆ ಕೂತಿದ್ದರು. ಹೇಳಿಕೆಯನ್ನು ಓದುವಾಗ ಎಡಗಡೆ ಕೂತಿದ್ದ ಹಳೆಯ ಶಿಷ್ಯ ತಲೆ ಎತ್ತಲಿಲ್ಲ, ಆಕ್ಷೇಪಣೆ ಇಲ್ಲ ಎಂದಷ್ಟೇ ಹೇಳಿದ. ಅತ್ತೆ ಸಾಕ್ಷಿಕಟ್ಟೆ ಹತ್ತಿ, ಬರೆದದ್ದೆಲ್ಲ ಸತ್ಯ ಎಂದರು. ಒಪ್ಪಿಕೊಂಡ ಮಾತನ್ನು ನ್ಯಾಯಾಧೀಶರು ತೆಗೆದುಹಾಕಿದರು. ಮೇಲಧಿಕಾರಿಗೆ ಬಂದು ಸಾಕ್ಷಿ ಹೇಳಲು ಆದೇಶವಾಯಿತು. ಗೆಲುವು ಇನ್ನೂ ದೂರವಿತ್ತು, ಆದರೆ ತಂದೆಯೇ ಸತ್ತವನ ತಲೆಯ ಮೇಲೆ ಹೊರಿಸಿದ್ದ ತಪ್ಪು ಅಂದಿಗೆ ಇಳಿಯಿತು.

ಅತ್ತೆ ಕಣ್ಣೊರೆಸಿಕೊಂಡು ಬಂದು ಗಂಡನ ಪಕ್ಕ ಕೂತರು. ಇನ್ನೊಂದು ಪಕ್ಕದಿಂದ ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. ಮಾವ ಎಲ್ಲವನ್ನೂ ಕಿವಿಗೊಟ್ಟು ಕೇಳಿದ್ದರು. ಮೆಲ್ಲಗೆ ಹೆಂಡತಿಯ ಕಡೆ ಬಾಗಿದರು.

“ಹೇಳಿಕೆ ಬಹಳ ಚೆನ್ನಾಗಿ ಬರೆದಿದಾರೆ. ಒಂದು ಮಾತೂ ಹೆಚ್ಚಿಲ್ಲ, ಕಮ್ಮಿ ಇಲ್ಲ. ಪಾಪ, ಬುದ್ಧಿ ಕೆಟ್ಟಿದೆಯಂತಲ್ಲ, ಯಾರಂತೆ ಆ ವಕೀಲರು?”

“ನಮಗೆ ಬೇಕಾದೋರೇ ರೀ.”

“ಹೌದಾ? ಹಾಗಾದ್ರೆ ಒಂದಿನ ಮನೆಗೆ ಹೋಗಿ ಮಾತಾಡಿಸ್ಕೊಂಡು ಬರೋಣ. ಇಂಥ ಹೊತ್ತಲ್ಲಿ ಯಾರಾದ್ರೂ ಹೋಗಬೇಕು.”

ಅತ್ತೆ ಹೂಂ ಎಂದರು.