ಹಳೆಯ ಬೆಲೆಗೆ ಒಯ್ದ ಗೇಮ್ ಯಂತ್ರ

ಮಾರ್ಚ್ ಏಳು, ಶುಕ್ರವಾರ, ಮಧ್ಯಾಹ್ನ ಎರಡು ಇಪ್ಪತ್ತಕ್ಕೆ ಬರ್ಲಾದ್ ಪಟ್ಟಣದ ಪೊಲೀಸ್ ಠಾಣೆಗೆ ದೂರು ಬಂತು. ದೂರುದಾರ ಲಿವಿಯು ಕೊಜೊಕಾರು, ವಿಡಿಯೊ ಗೇಮ್ ಅಂಗಡಿಯವನು. ಊಟಕ್ಕೆಂದು ಬಾಗಿಲು ಹಾಕಿದ್ದ ಒಂದು ಗಂಟೆಯಲ್ಲಿ ಯಾರೋ ಹಿಂದಿನ ಕಿಟಕಿಯ ಗಾಜು ಒಡೆದು ಒಂದು ಕನ್ಸೋಲ್, ಅಂದರೆ ಗೇಮ್ ಆಡುವ ಯಂತ್ರ, ಒಯ್ದಿದ್ದರು. ಮೇಜಿನ ಮೇಲೆ ಎರಡು ಸಾವಿರದ ನೂರು ಲೆಯ್ ಹಣ ಇಟ್ಟು ಹೋಗಿದ್ದರು.

ಇನ್‌ಸ್ಪೆಕ್ಟರ್ ಒಕ್ಟಾವಿಯನ್ ಸ್ಟಾಂಕು ಎಫ್‌ಐಆರ್ ಬರೆಸಿ, ಕಾನ್‌ಸ್ಟೇಬಲ್ ದೋರಿನಾಳೊಂದಿಗೆ ಹೋಗಿ ಪಂಚನಾಮೆ ಮಾಡಿದ. ಯಂತ್ರದ ಬೆಲೆ ಈಗ ಎರಡು ಸಾವಿರದ ಒಂಬೈನೂರು. ಮೇಜಿನ ಮೇಲಿದ್ದದ್ದು ಹೋದ ವಸಂತದ ಬೆಲೆ.

"ಕಳ್ಳತನಾನೂ ಅವನೇ ಮಾಡ್ತಾನೆ, ರೇಟೂ ಅವನೇ ಹಾಕ್ತಾನೆ," ಎಂದ ಲಿವಿಯು. "ಏರ್ಸೋನು ನಾನಾ ಸಾರ್? ಕಂಪನಿಯಿಂದ ಕಾಗದ ಬರುತ್ತೆ, ರೇಟಿನ ಚೀಟಿ ಬದಲಾಯಿಸ್ತೀನಿ. ವರ್ಷದಲ್ಲಿ ಮೂರು ಸಲ ಆಯ್ತು. ಬೈಗುಳ ಮಾತ್ರ ನನಗೆ."

ಎರಡು ದಿನ ಹಳೆ ಸಾಮಾನಿನ ಅಂಗಡಿಗಳನ್ನು ಅಲೆದದ್ದು ವ್ಯರ್ಥವಾಯಿತು. ಸೋಮವಾರ ಲಿವಿಯು ಒಂದು ಪುಸ್ತಕ ತಂದುಕೊಟ್ಟ. ಆ ಯಂತ್ರದ ಬೆಲೆ ಇಳಿದರೆ ತಿಳಿಸಿ ಎಂದು ಹೋದ ವಸಂತದಲ್ಲಿ ಹನ್ನೊಂದು ಜನ ಅದರಲ್ಲಿ ಹೆಸರು ಬರೆಸಿದ್ದರು. ಇಳಿಯಲಿಲ್ಲವಾದ್ದರಿಂದ ಅವನು ಯಾರಿಗೂ ತಿಳಿಸಿರಲಿಲ್ಲ. ದೋರಿನಾ ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಅಂಗಡಿಯ ಹೆಸರೆತ್ತಿದ ಕೂಡಲೇ ಹತ್ತು ಜನರೂ "ರೇಟು ಇಳೀತಾ?" ಎಂದೇ ಕೇಳಿದರು. ಹನ್ನೊಂದನೆಯ ಹೆಸರು ಇಲಿಂಕಾ. ಅವಳ ಫೋನ್ ಸ್ವಿಚ್ ಆಫ್ ಆಗಿತ್ತು.

ಆ ವಿಳಾಸದ ಗೇಟಿಗೆ ಕಪ್ಪು ಬಟ್ಟೆ ಕಟ್ಟಿತ್ತು. ಹತ್ತೊಂಬತ್ತು ವರ್ಷದ ಇಲಿಂಕಾ ಜನವರಿಯಲ್ಲಿ ರಕ್ತದ ಕಾಯಿಲೆಯಿಂದ ತೀರಿಕೊಂಡಿದ್ದಳು. ಉಳಿದವನು ತಂದೆ ಗವ್ರಿಲ್, ಬಸ್ ಚಾಲಕ. ಇದನ್ನು ಹೇಳಿದವಳು ನೆರೆಮನೆಯ ಮುದುಕಿ ವೇತಾ.

"ಶನಿವಾರ ಅವಳ ನಲವತ್ತನೇ ದಿನ ಆಯ್ತು. ಅವತ್ತು ದಾನ ಕೊಟ್ಟಿದ್ದು ಸತ್ತೋರ ಕೈ ಸೇರುತ್ತೆ ಅಂತಾರೆ. ಸತ್ತೋರ ಹೆಸರಲ್ಲಿ ಹಾಸಿಗೆ ಕೊಟ್ಟೋರನ್ನ ನೋಡಿದೀನಿ, ಬೂಟು ಕೊಟ್ಟೋರನ್ನ ನೋಡಿದೀನಪ್ಪ. ಮೇಣದಬತ್ತಿ ಹಚ್ಚಿ ಗೇಮ್ ಮಿಷನ್ ಕೊಟ್ಟೋನನ್ನ ಇದೇ ಮೊದಲು ಕಂಡಿದ್ದು."

ದಾನ ಪಡೆದವಳು ಸಾಂದಾ. ಆಸ್ಪತ್ರೆಯಲ್ಲಿ ಇಲಿಂಕಾಳ ಪಕ್ಕದ ಹಾಸಿಗೆಯಲ್ಲಿದ್ದು, ಗುಣವಾಗಿ ಮನೆಗೆ ಬಂದವಳು.

ಗವ್ರಿಲ್ ಏನನ್ನೂ ಅಲ್ಲಗಳೆಯಲಿಲ್ಲ.

"ಎಂಟು ನೂರು ಕಡಿಮೆ ಇಟ್ಟಿದ್ದೀಯ," ಎಂದ ಸ್ಟಾಂಕು.

"ಅದು ಅವರು ಆಮೇಲೆ ಏರಿಸಿದ್ದು."

"ಸ್ವಲ್ಪ ಕಾಯಬಹುದಿತ್ತಲ್ಲ?"

"ನಲವತ್ತನೇ ದಿನ ಮುಂದಕ್ಕೆ ಹೋಗಲ್ಲ ಸಾರ್. ಪಾದ್ರಿಗಳು ರೊಟ್ಟಿ ಕೊಟ್ರೆ ಸಾಕು ಅಂದ್ರು. ನನ್ನ ಮಗಳು ರೊಟ್ಟಿ ಕೇಳಿರಲಿಲ್ಲ."

ಆಮೇಲೆ ಅವನು ಒಂದನ್ನೇ ಬೇಡಿಕೊಂಡ. "ನನ್ನನ್ನ ಕರ್ಕೊಂಡು ಹೋಗಿ. ಅದನ್ನ ಮಾತ್ರ ಸಾಂದಾ ಹತ್ರ ಕಿತ್ಕೋಬೇಡಿ. ಇಲ್ಲಿ ಕಿತ್ಕೊಂಡ್ರೆ ಅಲ್ಲಿ ನನ್ನ ಮಗಳ ಕೈಯಿಂದಲೂ ಹೋಗುತ್ತೆ."

ಕಳವಿನ ಮಾಲನ್ನು ಬಿಡಲು ಕಾನೂನಿನಲ್ಲಿ ದಾರಿಯಿಲ್ಲ ಎಂದು ಸ್ಟಾಂಕು ಹೇಳಿದ. ಹೇಳುವಾಗ ಅವನ ದನಿ ಗಡುಸಾಯಿತು. ಯಾರ ಮೇಲೆ ಸಿಟ್ಟೆಂದು ಅವನಿಗೇ ತಿಳಿಯಲಿಲ್ಲ. ನಾಲ್ಕು ನಲವತ್ತಕ್ಕೆ ಯಂತ್ರ ವಶವಾಯಿತು. ಸಾಂದಾ ತಾನೇ ತಂತಿ ಸುತ್ತಿ ಕೊಟ್ಟಳು. ಐದು ಹತ್ತಕ್ಕೆ ಗವ್ರಿಲ್‌ನನ್ನು ಬಂಧಿಸಲಾಯಿತು.

ಹೇಳಿಕೆಯಲ್ಲಿ ಅವನು ಬೆಲೆಯನ್ನು ದೂರಲಿಲ್ಲ. ದೋರಿನಾ ಬರೆದುಕೊಂಡ ಕೊನೆಯ ಮಾತು ಇದು: "ಹೋದ ವಸಂತದಲ್ಲಿ ನಾವಿಬ್ಬರೂ ಆ ಅಂಗಡಿಗೆ ಹೋಗಿದ್ದೆವು. ಇಂಥವೆಲ್ಲ ವರ್ಷ ಕಳೆದರೆ ಅಗ್ಗವಾಗುತ್ತವೆ, ಕಾಯೋಣ ಎಂದು ಮಗಳಿಗೆ ಹೇಳಿದವನು ನಾನೇ. ಆ ಎರಡು ಸಾವಿರದ ನೂರು ಲೆಯ್ ಅಂದೇ ನನ್ನ ಜೇಬಿನಲ್ಲಿತ್ತು."