ಹಣೆಯಳತೆಯ ದಾರ

"ಬಾಸಿಂಗ ಬೇಕಿತ್ತು," ಎಂದೆ.

ಕರ್ಪೂರದ ಡಬ್ಬಗಳನ್ನು ಜೋಡಿಸುತ್ತಿದ್ದ ಹುಡುಗ ತಿರುಗಿದ. ತಿರುಗುವಾಗ ಮುಖದಲ್ಲೊಂದು ಚೆಂದದ ನಗುವಿತ್ತು. ನನ್ನ ಮಾತು ಕಿವಿಗೆ ಬಿದ್ದು ಒಳಗಿಳಿಯುವಷ್ಟರಲ್ಲಿ ಆ ನಗು, ಅಂಗಡಿಯ ಶಟರ್ ಎಳೆದ ಹಾಗೆ, ಅರ್ಧಕ್ಕೆ ಇಳಿದುಬಿಟ್ಟಿತು.

ಯಾಕೆ ಇಳಿಯಿತು ಅಂತ ನನಗೆ ಆಗ ತಿಳಿಯಲಿಲ್ಲ. ಈಗ ಗೊತ್ತು. ನಮ್ಮ ಕಡೆ ಬಾಸಿಂಗ ಕೇಳಿಕೊಂಡು ಬಂದವರ ಮನೆಯಲ್ಲಿ ಮದುವೆಯಿದೆ ಎಂದೇ ಲೆಕ್ಕ. ಹೆಣ್ಣು ಗಂಡಿನ ಹಣೆಗೆ ಮುಹೂರ್ತದಲ್ಲಿ ಕಟ್ಟುವ ಆ ಮಿರಮಿರ ಜೋಡಿಯನ್ನು ಬೇರೆ ಯಾವ ಕೆಲಸಕ್ಕೂ ಯಾರೂ ಕೊಳ್ಳುವುದಿಲ್ಲ. ಅದರಲ್ಲೂ ಒಬ್ಬಳು ವಯಸ್ಸಿಗೆ ಬಂದ ಹುಡುಗಿ, ತಾನೇ ಬಂದು ಕೇಳಿದರೆ? ಕೇಳಿದವಳೇ ಮದುಮಗಳು!

ನನ್ನ ತಲೆಯಲ್ಲಿ ಇದ್ಯಾವುದೂ ಇರಲಿಲ್ಲ. ಅಲ್ಲಿ ಬರೀ ಕಾಗದ ತುಂಬಿತ್ತು.

ನಾನು ಆವತಿಯವಳು, ಚಂದನ. ಕೊಲಾಜ್ ಮಾಡುತ್ತೇನೆ. ಜನರ ಮನೆಯ ಹಳೇ ಲಗ್ನಪತ್ರಿಕೆ, ಸೀರೆಯ ಚೂರು, ಬಸ್ ಟಿಕೆಟ್, ಒಣಗಿದ ಹೂವು, ರೇಷ್ಮೆಗೂಡು, ಏನು ಕೊಟ್ಟರೂ ಪದರದ ಮೇಲೆ ಪದರ ಅಂಟಿಸಿ, ಆಳ ಬರುವಂತೆ ಕಟ್ಟಿ, ಫ್ರೇಮ್ ಹಾಕಿಸಿ ಕೊಡುತ್ತೇನೆ. ಯಾರೂ ಹೇಳಿಕೊಟ್ಟದ್ದಲ್ಲ. ಅಂಟಿಸಿ, ಕಿತ್ತು, ಮತ್ತೆ ಅಂಟಿಸಿ ಕಲಿತದ್ದು. "ಮಗಳು ಏನ್ ಕೆಲ್ಸ ಮಾಡ್ತಾಳೆ?" ಎಂದು ಯಾರಾದರೂ ಕೇಳಿದರೆ ನಮ್ಮಮ್ಮ, "ಅಂಟಿಸ್ತಾಳೆ," ಎಂದು ಹೇಳಿ ಮುಗಿಸುತ್ತಾಳೆ.

ಈ ಸಲದ ಕೆಲಸ ಗೆಳತಿ ಶಿಲ್ಪಳದು. ಅವಳೂ ಅಮರ್ ಕೂಡ ರಿಜಿಸ್ಟರ್ ಮದುವೆಯಾದವರು. ಸಹಿ ಹಾಕಿ, ಹಾರ ಬದಲಾಯಿಸಿ, ಮಸಾಲೆ ದೋಸೆ ತಿಂದು ಮನೆಗೆ ಬಂದರು. "ನನ್ ಮದುವೆ ಫೋಟೋದಲ್ಲಿ ಹಿಂದುಗಡೆ ಒಂದು ಕಬ್ಬಿಣದ ಬೀರು ಇದೆ ಕಣೇ," ಎಂದು ಅವಳು ನಗುತ್ತಲೇ ಹೇಳುತ್ತಿದ್ದಳು. "ಮಂಟಪ ಇಲ್ದಿದ್ರೆ ಹೋಗ್ಲಿ, ಬಾಸಿಂಗ ಆದ್ರೂ ಕಟ್ಕೋಬೇಕಿತ್ತು." ಮುಂದಿನ ತಿಂಗಳು ಹದಿನಾಲ್ಕಕ್ಕೆ ಅವರಿಗೆ ವರ್ಷ ತುಂಬುತ್ತದೆ. ಅಷ್ಟರಲ್ಲಿ ಆ ಬೀರುವಿನ ಫೋಟೋದ ಮೇಲೆ, ಪದರ ಪದರವಾಗಿ, ನಡೆಯದೇ ಹೋದ ಮದುವೆಯನ್ನು ನಾನು ಕಟ್ಟಬೇಕಿತ್ತು.

ಅದಕ್ಕೇ ಬಸ್ಸು ಹತ್ತಿ ನಮ್ಮೂರ ಪಕ್ಕದ ವಿಜಯಪುರಕ್ಕೆ, ಪಾಪಮ್ಮಜ್ಜಿಯ ಗ್ರಂಧಿಗೆ ಅಂಗಡಿಗೆ ಬಂದಿದ್ದೆ. ಅರಿಶಿನ, ಕುಂಕುಮ, ಗೆಜ್ಜೆವಸ್ತ್ರ ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ. ಬಾಸಿಂಗವನ್ನು ಕೈಯಲ್ಲೇ ಮಾಡುವವರು ಈಗ ಅವರೊಬ್ಬರೇ, ಜೊತೆಗೆ ಮೊಮ್ಮಗ ಮುರಳಿ.

"ಯಾವತ್ತಿಗೆ ಬೇಕು ಮೇಡಂ?" ಮುರಳಿ ಕೇಳಿದ. ನನ್ನನ್ನು ನೋಡದೆ ತಕ್ಕಡಿಯನ್ನು ನೋಡಿಕೊಂಡು.

"ಮುಂದಿನ ತಿಂಗಳು ಹದಿನಾಲ್ಕಕ್ಕೆ. ಚಿಕ್ಕದಾಗಿರ್ಲಿ. ಭಾರ ಇರಬಾರ್ದು."

"ಛತ್ರದಲ್ಲಾ?"

"ಛತ್ರ ಗಿತ್ರ ಏನಿಲ್ಲ. ಎಲ್ಲಾ ನಾನೇ ಮಾಡ್ತಿದೀನಿ. ಚಪ್ಪರ, ದೀಪ, ಮಂಟಪ."

"ಮಂಟಪಾನೂ?"

"ಹೂಂ. ಕಾಗದದಲ್ಲೇ."

ಅವನು ತಲೆಯೆತ್ತಿದ. ಎಡಗಡೆ ಹುಬ್ಬಿನ ಮೇಲೆ ಬೇಗಡೆಯ, ಬಾಸಿಂಗಕ್ಕೆ ಹಚ್ಚುವ ತೆಳು ಮಿಂಚುಹಾಳೆಯ, ಒಂದು ಚೂರು, ಚಿನ್ನದ ಬಣ್ಣದ್ದು, ಅಂಟಿಕೊಂಡು ಮಿಣ್ಣಗೆ ಹೊಳೆಯುತ್ತಿತ್ತು. ಹೇಳಲೋ ಬೇಡವೋ ಎಂದು ನಾನು ಯೋಚಿಸುತ್ತಿದ್ದೆ.

"ಮಳೆ ಬಂದ್ರೆ?"

"ಬರ್ಲಿ. ಮೇಲೆ ಗಾಜು ಹಾಕ್ಸ್ತೀನಲ್ಲ."

ಪಾಪ, ಅವನ ಬಾಯಿ ತೆರೆದೇ ಇತ್ತು. ಕಾಗದದ ಮಂಟಪಕ್ಕೆ ಗಾಜು ಹಾಕಿಸಿಕೊಂಡು ಮದುವೆಯಾಗುವ ಮನೆತನ ಯಾವುದಿರಬಹುದು ಎಂದು ಆ ರಾತ್ರಿಯೆಲ್ಲಾ ಯೋಚಿಸಿದನಂತೆ.

ಒಳಗಿನಿಂದ ಪಾಪಮ್ಮಜ್ಜಿ ಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಸೆರಗಿಗೆ ಕೈ ಒರೆಸಿಕೊಂಡು, "ಬಾ ಮಗಾ, ಬೆಳಕಿಗೆ ಬಾ," ಎಂದು ಕರೆದು, ಒಂದು ದಾರವನ್ನು ನನ್ನ ಹಣೆಯ ಈ ತುದಿಯಿಂದ ಆ ತುದಿಗೆ ಹಿಡಿದು ಗಂಟು ಹಾಕಿಕೊಂಡರು.

"ಇದ್ಯಾಕಜ್ಜಿ?"

"ಅಳತೆ ಇಲ್ದೆ ಮಾಡಿದ್ರೆ ಜಾರ್ತದೆ ಕಣಮ್ಮ. ಹಣೆ ನೋಡ್ದೆ ಬಾಸಿಂಗ ಮಾಡೋಳಲ್ಲ ನಾನು."

ಮಾದರಿಗೆ ಯಾವುದೋ ಒಂದು ಹಣೆ ಬೇಕೇನೋ, ನನ್ನದೇ ಆಗಲಿ ಎಂದುಕೊಂಡು ಸುಮ್ಮನಾದೆ.

ಬಸ್ಸಿನಲ್ಲಿ ಕೂತ ಮೇಲೆ ಆ ಹುಬ್ಬಿನ ಮೇಲಿನ ಬೇಗಡೆ ನೆನಪಾಯಿತು. ಹೇಳಬೇಕಿತ್ತು ಅನ್ನಿಸಿತು. ಅದನ್ನು ಹೇಳುವುದಕ್ಕಾದರೂ ಇನ್ನೊಮ್ಮೆ ಹೋಗಬೇಕು ಅಂತಲೂ.

ಹೋದೆ. ಮೊದಲು ಕುಚ್ಚು ಬೇಕು ಎಂದು ಹೋದೆ. ಆಮೇಲೆ ಕೆಂಪು ಮಣಿ. ಆಮೇಲೆ ಹಸಿರು ಮಣಿ, ಯಾಕೆಂದರೆ ಕೆಂಪು ತಂದಾಗ ಹಸಿರು ಬೇಕೆಂದು "ಮರೆತುಹೋಗಿತ್ತು". ನಮ್ಮಮ್ಮ ಮನೆಯಲ್ಲಿ ಗುಡ್ಡೆ ಬಿದ್ದ ಗೆಜ್ಜೆವಸ್ತ್ರಗಳನ್ನು ನೋಡಿ, "ಏನೇ ಚಂದನಾ, ಪೂಜಾರಿ ಆಗ್ತೀಯಾ?" ಎಂದಳು.

ಮುರಳಿ ಪ್ರತಿ ಸಲವೂ ನನ್ನ ಕೈ ನೋಡಿಯೇ ಮಾತಾಡುತ್ತಿದ್ದ. ಮುಖ ನೋಡುತ್ತಿರಲಿಲ್ಲ. ಉಗುರಿಗೆ ಅಂಟಿದ ಫೆವಿಕಾಲ್ ಸಿಪ್ಪೆಗಳನ್ನು ಅಷ್ಟು ಶ್ರದ್ಧೆಯಿಂದ ಯಾರೂ ನೋಡಿರಲಿಕ್ಕಿಲ್ಲ.

"ರೀ, ನನ್ ಮುಖ ಏನು ಅಷ್ಟೊಂದು ಕೆಟ್ಟದಾಗಿದ್ಯಾ?" ಒಂದು ದಿನ ಕೇಳಿಯೇಬಿಟ್ಟೆ.

ಕಿವಿ ಕೆಂಪಾಯಿತು ಅವನಿಗೆ. "ಹಂಗಲ್ಲ."

"ಮತ್ತೆ ಹೆಂಗೆ?"

"ನೋಡಬಾರ್ದು... ಅಂತ."

ನೋಡಬಾರದಂತೆ! ನಾನು ಹಸಿರು ಮಣಿಯ ಪೊಟ್ಟಣವನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡು ಬಂದೆ. ಎಲ್ಲೋ ಹೆಣ್ಣು ಗೊತ್ತಾಗಿದೆ ಇವನಿಗೆ ಎಂದು ತೀರ್ಮಾನಿಸಿದೆ. ಆ ಸಂಜೆ ಚಪ್ಪರದ ಪದರದಲ್ಲಿ ಕತ್ತರಿಸಿದ ಮಾವಿನೆಲೆಗಳು ಒಂದೂ ನೆಟ್ಟಗಿರಲಿಲ್ಲ.

ಹೀಗೆ ನಾನು ಅವನಿಗೆ ಹೆಣ್ಣು ಗೊತ್ತಾಗಿದೆ ಎಂದುಕೊಂಡು, ಅವನು ನನಗೆ ಗಂಡು ಗೊತ್ತಾಗಿದೆ ಎಂದುಕೊಂಡು, ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆಯಿಂದ ಕರ್ಪೂರ ಮಾರಿ ಕೊಂಡುಕೊಂಡೆವು.

ಮುನಿಸಿಕೊಂಡವಳು ಎಷ್ಟು ದಿನ ಮನೆಯಲ್ಲಿ ಕೂರಲಿ? ಮತ್ತೆ ಹೋದೆ. ಅವತ್ತು ಕರೆಂಟ್ ಹೋಗಿತ್ತು. ಬೀದಿಯ ರೇಷ್ಮೆ ಹುರಿ ಮಿಷನ್ನುಗಳೆಲ್ಲ ಒಟ್ಟಿಗೆ ನಿಂತು, ವಿಜಯಪುರವೇ ಉಸಿರು ಹಿಡಿದ ಹಾಗಿತ್ತು. ಮುರಳಿ ಅಂಗಡಿಯ ಮೆಟ್ಟಿಲ ಬೆಳಕಿನಲ್ಲಿ ಕೂತು ದೊಡ್ಡದೊಂದು ಬಾಸಿಂಗ ಮಾಡುತ್ತಿದ್ದ; ಬೇರೆ ಯಾರದೋ ಮದುವೆಯದಿರಬೇಕು ಎಂದುಕೊಂಡೆ. ಒಂದು ರಟ್ಟು, ಅದರ ಮೇಲೆ ಕೆಂಪು ಕಾಗದ, ಅದರ ಮೇಲೆ ಬೇಗಡೆ, ಅದರ ಮೇಲೆ ಜರಿ, ಅದರ ಮೇಲೆ ಮಣಿ.

"ಅಯ್ಯೋ, ನೀವೂ ಪದರಾನೇ ಕಟ್ಟೋದು!" ಎಂದೆ. ಮುನಿಸು ಎಲ್ಲಿ ಹೋಯಿತೋ. ಪಕ್ಕದಲ್ಲೇ ಕೂತೆ.

"ಇನ್ನೇನ್ ಮತ್ತೆ. ಅಡೀಲಿರೋದು ಕಾಣಲ್ಲ. ಆದ್ರೆ ಅಡೀಲಿರೋದು ಸರಿ ಇಲ್ದಿದ್ರೆ ಮೇಲಿಂದು ನಿಲ್ಲಲ್ಲ."

"ಕೊಡಿ ಇಲ್ಲಿ. ಇದ್ರ ಕೆಳಗೆ ಎರಡು ತುಂಡು ಫೋಮ್ ಟೇಪ್ ಹಾಕಿದ್ರೆ ಹೂವು ಎದ್ದು ನಿಲ್ಲುತ್ತೆ ನೋಡಿ." ನನ್ನ ಚೀಲದಿಂದ ಟೇಪ್ ತೆಗೆದು ತೋರಿಸಿದೆ. ರಟ್ಟಿನ ನಡುವಿನ ಹೂವು ಎದ್ದು ನಿಂತಿತು. ಅವನು ಅದರ ಅಡಿಯಲ್ಲಿ ಬೀಳುತ್ತಿದ್ದ ಸಣ್ಣ ನೆರಳನ್ನು ನೋಡಿ ನಕ್ಕ. ಮೊದಲ ದಿನ ಅರ್ಧಕ್ಕೆ ಇಳಿದಿದ್ದ ನಗು ಅದೇ. ಈಗ ಪೂರ್ತಿ ಕಂಡಿತು.

ಬೇಗಡೆ ಹಚ್ಚುವುದನ್ನು ಅವನು ಹೇಳಿಕೊಟ್ಟ. ಉಸಿರು ಬಿಟ್ಟರೆ ಹಾರುತ್ತದೆ, ಬೆರಳ ತುದಿ ಒದ್ದೆ ಮಾಡಿ ಎತ್ತಬೇಕು. ನಾನು ಉಸಿರು ಹಿಡಿದೆ. ಅವನೂ ಹಿಡಿದ. ಎರಡು ಬೆರಳು ಒಂದೇ ಚೂರಿಗೆ ಹೋದವು. ತಾಗಿದ್ದು ಒಂದು ಕ್ಷಣ, ಅಷ್ಟೇ. ಅವನು ಕೈ ಎಳೆದುಕೊಂಡ ರಭಸಕ್ಕೆ ಅಂಟಿನ ಬಟ್ಟಲು ಮೆಟ್ಟಿಲ ಮೇಲೆ ಮಗುಚಿತು.

"ಸಾರಿ ರೀ... ತಪ್ಪಾಯ್ತು," ಎಂದು ಎದ್ದು ಒಳಗೆ ಹೋದವನು ನಾನು ಹೊರಡುವವರೆಗೂ ಬರಲಿಲ್ಲ.

ಅಂಟು ಒರೆಸಲು ಬಂದ ಪಾಪಮ್ಮಜ್ಜಿ, "ಈ ಜೋಡೀನ ಯಾರಿಗೂ ಮುಟ್ಟಕ್ಕೆ ಬಿಡ್ತಿಲ್ಲ ಕಣಮ್ಮ ಇವ್ನು. ನಂಗೂ ಬಿಡ್ತಿಲ್ಲ. ಯಾಕೋ ಅಂದ್ರೆ ಮಾತಿಲ್ಲ," ಎಂದರು.

ಹದಿನಾಲ್ಕು ಹತ್ತಿರವಾಯಿತು. ಕೊಲಾಜಿನಲ್ಲಿ ಎಲ್ಲ ಕೂತಿತ್ತು. ಅಡಿಯಲ್ಲಿ ಫೋಟೋ, ಬೀರುವನ್ನು ಮರೆಮಾಡಿದ ಮಾವಿನೆಲೆಯ ಚಪ್ಪರ, ಶಿಲ್ಪ ಅವತ್ತು ಉಟ್ಟಿದ್ದ ಸೀರೆಯ ಅಂಚು, ರೇಷ್ಮೆಗೂಡು ಕತ್ತರಿಸಿ ಮಾಡಿದ ದೀಪಗಳು, ಕಾಗದದ ಕಂಬಗಳ ಮಂಟಪ. ಬಾಸಿಂಗವೊಂದೇ ಬಾಕಿ. ಅದನ್ನು ತಂದುಬಿಟ್ಟರೆ ಆ ಅಂಗಡಿಗೆ ಹೋಗಲು ನನಗೆ ನೆಪವೇ ಉಳಿಯುವುದಿಲ್ಲ. ಮಾಡಿ ಮುಗಿಸಿದ ಕೆಲಸ ನೋಡಿ ಖುಷಿಯಾಗುವ ಬದಲು ಒಂದೆರಡು ಪದರ ಕಿತ್ತುಬಿಡೋಣ ಅನ್ನಿಸಿದ್ದು ಅದೇ ಮೊದಲು.

ಕೊನೆಗೂ ಹೋದೆ. ಮುರಳಿ ಬಟ್ಟೆಯಲ್ಲಿ ಸುತ್ತಿದ್ದ ಗಂಟೊಂದನ್ನು ನನ್ನ ಮುಂದೆ ಬಿಚ್ಚಿ ಇಟ್ಟ. ಹೆಣ್ಣಿನ ಬಾಸಿಂಗ ಸಿದ್ಧವಾಗಿತ್ತು. ನಡುವೆ ಎದ್ದು ನಿಂತ ಹೂವು, ಅದರ ಸುತ್ತ ನಾನು ಕೊಂಡಂಥದ್ದೇ ಕೆಂಪು, ಹಸಿರು ಮಣಿಗಳ ಸಾಲು, ಕೆಳಗೆ ಕುಚ್ಚು. ನನ್ನ ಕಾಗದದ ಮಂಟಪಕ್ಕೆ ಬಹಳ ದೊಡ್ಡದು, ಆದರೂ ಬೇಡ ಎನ್ನಲು ಮನಸ್ಸಾಗಲಿಲ್ಲ. ಮೆಟ್ಟಿಲ ಮೇಲೆ ನಾನೇ ಎಬ್ಬಿಸಿ ನಿಲ್ಲಿಸಿದ್ದ ಆ ಹೂವನ್ನು ಬೆರಳಿನಿಂದ ಮುಟ್ಟಿ ನೋಡಿದೆ.

"ಚೆನ್ನಾಗಿಲ್ವಾ?"

"ಚೆನ್ನಾಗಿದೆ ಅಂದ್ರೆ ಕಮ್ಮಿ ಆಗುತ್ತೆ. ಎಷ್ಟಾಯ್ತು?"

"ದುಡ್ಡು ಬೇಡ. ಇದು ನಮ್ ಕಡೆಯಿಂದ." ತಕ್ಕಡಿಯನ್ನು ನೋಡುತ್ತಾ ಹೇಳಿದ. "ಗಂಡಿಂದು ಸ್ವಲ್ಪ ಬಾಕಿ ಇದೆ. ಅಳತೆ ಬಂದಿಲ್ಲ. ಅವ್ರು ಈ ಕಡೆ ಬರ್ತಾರಾ, ಇಲ್ಲಾ ದಾರ ಕಳಿಸ್ತೀರಾ?"

"ಯಾರು?"

"ಅವ್ರೇ. ನಿಮ್ಮ ಮನೆಯವ್ರಾಗೋರು."

ನಾನು ಅವನನ್ನು ನೋಡಿದೆ. ಬಾಸಿಂಗ ನೋಡಿದೆ. ನನ್ನ ಹಣೆಗೆ ಹಿಡಿದ ದಾರ, ನೋಡಬಾರದು ಅಂದದ್ದು, ಎಳೆದುಕೊಂಡ ಕೈ, ಮಗುಚಿದ ಬಟ್ಟಲು, ಎಲ್ಲವೂ ಒಂದರ ಮೇಲೊಂದು ಬಂದು ಕೂತವು. ಎಲ್ಲಕ್ಕಿಂತ ಮೇಲೆ ಆ ಗಾಜು!

ನಗು ಹೊಟ್ಟೆಯಿಂದ ಎದ್ದಿತು. ಕಷ್ಟಪಟ್ಟು ತಡೆದುಕೊಂಡು ಮೊಬೈಲಿನಲ್ಲಿ ಕೊಲಾಜಿನ ಫೋಟೋ ತೆಗೆದು ಅವನ ಮುಂದೆ ಹಿಡಿದೆ. "ಇದೇ ಮಂಟಪ."

ಅವನು ಬಗ್ಗಿ ನೋಡಿದ. ಪಕ್ಕದಲ್ಲಿ ಇಟ್ಟಿದ್ದ ನನ್ನ ಕತ್ತರಿಯೂ ಫೋಟೋದಲ್ಲಿತ್ತು. ಮಂಟಪ ಕತ್ತರಿಗಿಂತ ಸ್ವಲ್ಪ ಎತ್ತರ.

"ಇಷ್ಟೇನಾ?"

"ಇಷ್ಟೇ."

"ಮತ್ತೆ ಗಾಜು?"

"ಫ್ರೇಮ್‌ಗೆ ರೀ!"

"ಮದುವೆ...?"

"ನನ್ ಫ್ರೆಂಡ್ ಶಿಲ್ಪಂದು. ಆಗಿ ವರ್ಷ ಆಯ್ತು."

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯದೆ ನಾನು ಗಾಬರಿಯಾದೆ. ನಗುತ್ತಿದ್ದ. ಆದರೆ ಕಣ್ಣು ಒದ್ದೆಯಾಗಿತ್ತು.

"ಒಂದ್ ತಿಂಗ್ಳಿಂದ ಆ ಗಾಜಿನ ಮನೆಯವನ್ನ ಬೈಕೊಂಡಿದೀನಿ ರೀ ನಾನು. ಹೆಣ್ಣೊಬ್ಳನ್ನೇ ಅಂಗಡಿಗೆ ಕಳಿಸ್ತಾನಲ್ಲ, ಎಂಥಾ ಮನುಷ್ಯ ಅಂತ."

"ಆ ಮನುಷ್ಯ ಇಲ್ಲ."

"ಹಾಗಾದ್ರೆ ಈ ಜೋಡಿ... ನಿಮ್ ಫ್ರೇಮ್‌ಗೆ ದೊಡ್ಡದಾಯ್ತು."

"ಆಯ್ತು."

"ಹೆಣ್ಣಿನ ಅಳತೆ ನಿಮ್ದೇ."

"ಗೊತ್ತು."

"ಗಂಡಿನ ಅಳತೆ ಇಲ್ಲ."

ಅದಕ್ಕಿಂತ ಮುಂದೆ ಹೋಗುವ ಧೈರ್ಯ ಅವನಿಗಿರಲಿಲ್ಲ. ನನಗೂ ಇರಲಿಲ್ಲ, ಆದರೆ ಕೈಗೆ ಇತ್ತು. ಕೌಂಟರಿನ ಮೇಲಿದ್ದ ಜರಿದಾರದ ಉಂಡೆ ತೆಗೆದುಕೊಂಡೆ.

"ಸ್ವಲ್ಪ ಬಗ್ಗಿ."

"ಯಾಕೆ?"

"ಬಗ್ಗಿ ಅಂದೆ."

ಬಗ್ಗಿದ. ದಾರವನ್ನು ಅವನ ಹಣೆಯ ಈ ತುದಿಯಿಂದ ಆ ತುದಿಗೆ ಹಿಡಿದೆ. ಹಣೆ ಬೆಚ್ಚಗಿತ್ತು. ಕಣತಲೆಯ ಹತ್ತಿರ ಒಂದು ನರ ನನ್ನ ಹೆಬ್ಬೆರಳ ಕೆಳಗೆ ಟಕಟಕ ಹೊಡೆದುಕೊಳ್ಳುತ್ತಿತ್ತು. ಎಡಗಡೆ ಹುಬ್ಬಿನ ಮೇಲೆ ಅವತ್ತೂ ಬೇಗಡೆಯ ಚೂರೊಂದು ಕೂತಿತ್ತು. ಬೆರಳ ತುದಿ ಒದ್ದೆ ಮಾಡಿ ಅದನ್ನು ಎತ್ತಿದೆ, ಅವನೇ ಕಲಿಸಿದ ಹಾಗೆ. ಕತ್ತರಿ ಪಕ್ಕದಲ್ಲೇ ಇದ್ದರೂ ದಾರವನ್ನು ಹಲ್ಲಿನಿಂದ ಕಡಿದು ಅವನ ಅಂಗೈಯಲ್ಲಿಟ್ಟೆ.

"ತಗೊಳ್ಳಿ. ಗಂಡಿನ ಅಳತೆ. ಜೋಪಾನ."

ಅವನು ತಲೆಯೆತ್ತಿ ನನ್ನ ಮುಖ ನೋಡಿದ. ಒಂದು ತಿಂಗಳ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸುವವನ ಹಾಗೆ ನೋಡಿದ. ಈಗ ತಕ್ಕಡಿ ನೋಡುವ ಸರದಿ ನನ್ನದಾಯಿತು.

"ಅಳತೆ ಸಿಕ್ತೇನೋ?" ಒಳಗಿನಿಂದ ಪಾಪಮ್ಮಜ್ಜಿ ಕೂಗಿದರು.

"ಸಿಕ್ತು ಅಜ್ಜಿ."

"ಯಾರು ತಂದ್ಕೊಟ್ರು?"

"ಹೆಣ್ಣೇ ಕೊಟ್ಳು."

ಅಜ್ಜಿ ಹೊರಬಂದು ದಾರವನ್ನು ತೆಗೆದುಕೊಂಡರು, ಗೇಣಿಗೆ ಹಿಡಿದು ನೋಡಿದರು. ನನ್ನ ಮುಖ, ಅವನ ಮುಖ, ಮತ್ತೆ ದಾರ.

"ಲೇ ಮುರಳಿ, ಯಾರಿಗೋ ಇದು? ನಿಂಗೆ ಕುಲಾವಿ ಹೊಲ್ದೋಳು ಕಣೋ ನಾನು. ನಿನ್ ತಲೆ ಅಳತೆ ನಂಗೊತ್ತಿಲ್ವಾ!" ಎಂದು ಅವನ ಬೆನ್ನಿಗೊಂದು ಗುದ್ದಿ, ನನ್ನ ಗಲ್ಲ ಹಿಡಿದರು. "ನೀನೇನಮ್ಮ, ಅಳತೆ ತಗೊಳೋಕೆ ಇಷ್ಟು ದಿನ ಮಾಡ್ದೆ?"

ಶಿಲ್ಪಳ ಮಂಟಪಕ್ಕೆ ಮುರಳಿ ಬೇರೆ ಜೋಡಿ ಮಾಡಿಕೊಟ್ಟ. ಉಗುರಿನಷ್ಟು ಚಿಕ್ಕದು, ಕುಚ್ಚಿನ ಸಮೇತ. ಅವಳು ಫ್ರೇಮ್ ಹಿಡಿದುಕೊಂಡು ಬಹಳ ಹೊತ್ತು ನೋಡಿ, ಮೂಗು ಎಳೆದುಕೊಂಡು, "ಬೀರು ಎಲ್ಲೇ?" ಎಂದಳು.

"ಇದೆ, ಅಡೀಲಿ. ಅದಿಲ್ದೆ ಮೇಲಿಂದು ನಿಲ್ಲಲ್ವಂತೆ."

ನಮ್ಮಮ್ಮ "ಸುಮ್ನೆ ಅರಿಶಿನ ತರೋಕೆ" ಎಂದು ವಿಜಯಪುರಕ್ಕೆ ಹೋಗಿಬಂದಳು. ಮಾರನೇ ವಾರ ಕುಂಕುಮಕ್ಕೆ ಹೋದಳು. ಅದರ ಮುಂದಿನ ವಾರ ಅಪ್ಪನನ್ನೂ ಕರೆದುಕೊಂಡು ಹೋದಳು, ಕರ್ಪೂರಕ್ಕೆ. ನಾನು ಯಾರ ಮಗಳು ಅಂತ ಮುರಳಿಗೆ ಆಗ ಸರಿಯಾಗಿ ಗೊತ್ತಾಯಿತಂತೆ.

ನಮ್ಮ ಜೋಡಿ ಈಗ ಅಜ್ಜಿಯ ದೇವರ ಗೂಡಿನಲ್ಲಿ, ಬಟ್ಟೆಯೊಳಗೆ ಕಾಯುತ್ತಿದೆ. ನಿನ್ನೆ ಮೆಟ್ಟಿಲ ಮೇಲೆ ಕೂತು ಬೇಗಡೆ ಕತ್ತರಿಸುತ್ತಿದ್ದಾಗ ಮುರಳಿ ಬಹಳ ಗಂಭೀರವಾಗಿ ಕೇಳಿದ.

"ಚಂದನಾ, ನಮ್ ಮಂಟಪಕ್ಕೂ ಗಾಜು ಹಾಕ್ಸ್ಬೇಕಾ?"

"ಬೇಡ," ಎಂದೆ. "ಮಳೆ ಬಂದ್ರೆ ನೆನೆಯೋಣ."