ಪಾಳಿ ಬಿಟ್ಟುಕೊಟ್ಟವನು

ಜನವರಿ ಏಳು, ಮಂಗಳವಾರ. ಬೆಳಿಗ್ಗೆ ಹತ್ತು ಗಂಟೆಗೆ ಬಸವಕಲ್ಯಾಣ ಗ್ರಾಮೀಣ ಠಾಣೆಯ ಮೆಟ್ಟಿಲೇರಿದವನು ಹುಮನಾಬಾದಿನ ಬಟ್ಟೆ ವ್ಯಾಪಾರಿ ಗುರುನಾಥ. ಸಬ್ ಇನ್ಸ್‌ಪೆಕ್ಟರ್ ದೀಪಾಲಿ ಕುರ್ಚಿ ತೋರಿಸಿದರೂ ಅವನು ಕೂಡಲಿಲ್ಲ.

"ನನ್ನ ಗಾಡಿ ಹೋಯ್ತ್ರಿ ಮೇಡಂ."

"ಯಾವ ಗಾಡಿ?"

"ಹಳೇ ಫಿಯೆಟ್ ರೀ. ಅರವತ್ತೆರಡರ ಮಾಡೆಲ್. ಮೊನ್ನೆ ಕೊಂಡೀನಿ. ಇವತ್ತು ಒಯ್ಯಾಕ ಬಂದ್ರ ಕೋಣಿ ಖಾಲಿ."

"ಓಡತಿತ್ತೇನು?"

"ಎಲ್ಲೀದ್ರಿ! ಮೂವತ್ತು ವರ್ಷದಿಂದ ನಿಂತಲ್ಲೇ ನಿಂತದ."

"ನಿಂತದ್ದು ಹ್ಯಾಂಗ ಹೋಯ್ತು?"

"ಅದನ್ನ ಕೇಳಾಕನ ನಿಮ್ಮ ಬಲ್ಲಿ ಬಂದೀನ್ರಿ."

ಕೊಹಿನೂರು ಗ್ರಾಮದ ದಿವಂಗತ ಪಾಟೀಲರ ಬೆಲ್ಲದ ಉಗ್ರಾಣದಲ್ಲಿ ಆ ಕಾರು ಇತ್ತು. ಮದುವೆಯ ಜವಳಿ ಕೊಟ್ಟುಬರಲು ಆ ಊರಿಗೆ ಹೋಗಿದ್ದ ಗುರುನಾಥ ಬಾಗಿಲ ಸಂದಿಯಲ್ಲಿ ಇಣುಕಿದ್ದ. ಒಳಗಿನ ಕತ್ತಲಲ್ಲಿ ಎರಡು ದೀಪದ ಕಣ್ಣುಗಳು ಅವನನ್ನೇ ನೋಡುತ್ತಿದ್ದವಂತೆ. ಬಾಗಿಲು ತೆರೆಸಿದಾಗ ಧೂಳಿಲ್ಲ, ತುಕ್ಕಿಲ್ಲ, ಇಲಿ ಕಚ್ಚಿದ ಒಂದು ದಾರವೂ ಇಲ್ಲ. ನವಿಲುಗೊರಳಿನ ಬಣ್ಣ ನಿನ್ನೆ ಹಚ್ಚಿದಂತಿತ್ತು. ಅವನು ಹೇಳುತ್ತ ಹೋದ. ಫಿರ್ಯಾದು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಅಬ್ದುಲ್ ರಜಾಕ್ ಪೆನ್ನು ಕೆಳಗಿಟ್ಟ.

"ಸಾವ್ಕಾರ್ರ, ಇದು ಫಿರ್ಯಾದು ಏನು ಆರತಿ ಪದ? ನಂಬರ್ ಹೇಳ್ರಿ ಮೊದಲ."

ಭಾರತೀಯ ನ್ಯಾಯ ಸಂಹಿತೆಯ ೩೦೫ನೇ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಕಾರು ಹೊತ್ತ ಲಾರಿ, ಎಳೆದೊಯ್ಯುವ ವಾಹನ, ಯಾವುದನ್ನೂ ಬಿಡಬಾರದೆಂದು ಹುಮನಾಬಾದ್ ರಸ್ತೆಯಲ್ಲಿ ನಾಕಾಬಂದಿಗೆ ದೀಪಾಲಿ ಸಂದೇಶ ಕಳಿಸಿದರು.

ಮಧ್ಯಾಹ್ನ ಉಗ್ರಾಣದಲ್ಲಿ ಪಂಚನಾಮೆ ನಡೆಯಿತು. ದೀಪಾಲಿ ಹೊಸ್ತಿಲಲ್ಲೇ ನಿಂತುಬಿಟ್ಟರು. ಕಾರಿಲ್ಲದ ಆ ಕೋಣೆಯೇ ಅವರನ್ನು ಬೆರಗುಗೊಳಿಸಿತು. ನೆಲದ ಮೇಲೆ ಗಾಲಿಗೊಂದರಂತೆ ನಾಲ್ಕು ಚಪ್ಪಡಿ ಕಲ್ಲುಗಳು, ಇಲಿ ಹುಳ ಸುಳಿಯದಂತೆ ಮೂಲೆ ಮೂಲೆಗೆ ಬೇವಿನೆಲೆ, ಬಟ್ಟೆಯಲ್ಲಿ ಕಟ್ಟಿದ ತಂಬಾಕಿನ ಗಂಟುಗಳು. ಇಷ್ಟು ಅಚ್ಚುಕಟ್ಟಾದ ಗುಡಿಯನ್ನೂ ಅವರು ಕಂಡಿರಲಿಲ್ಲ. ಇದೊಂದು ವಸ್ತುವಿಗಾಗಿ ಯಾರೋ ತಮ್ಮ ಆಯುಷ್ಯವನ್ನೇ ಸವೆಸಿದ್ದರು.

ಬೀಗ ಮುರಿದಿರಲಿಲ್ಲ, ಕೀಲಿಯಿಂದಲೇ ತೆಗೆದದ್ದು. ಬಾಗಿಲ ಮುಂದೆ ಎತ್ತರದ ಕಟ್ಟೆ; ಒಂದು ಕಾಲಕ್ಕೆ ಅಲ್ಲಿಂದ ಗಾಡಿಗೆ ಬೆಲ್ಲದ ಮೂಟೆ ಏರಿಸುತ್ತಿದ್ದರು. ಅದರ ಅಂಚಿನಲ್ಲಿ ಹಸಿ ಕಬ್ಬಿನ ಸೋಗೆ ಬಿದ್ದಿತ್ತು.

"ಇಲ್ಲಿ ಕಬ್ಬು ಬಂದು ಎಷ್ಟು ದಿನ ಆತು?" ದೀಪಾಲಿ ಕೇಳಿದರು.

"ನಮ್ಮವರು ಹೋದ ಮ್ಯಾಲ ಬಂದೇ ಇಲ್ಲ," ಎಂದರು ಪಾಟೀಲರ ಪತ್ನಿ ಲಲಿತಾಬಾಯಿ. ಈಗ ಅವರ ವಾಸ ಬಸವಕಲ್ಯಾಣದಲ್ಲಿ; ಪೊಲೀಸರೊಂದಿಗೆ ಬಂದಿದ್ದರು.

ಕಟ್ಟೆ ಟ್ರ್ಯಾಲಿಯ ಎತ್ತರಕ್ಕೆ ಸರಿಯಾಗಿತ್ತು. ಕಾರನ್ನು ನೇರವಾಗಿ ಟ್ರ್ಯಾಲಿಗೆ ತಳ್ಳಿ, ಮೇಲೆ ಕಬ್ಬು ಹೊದಿಸಿ ಒಯ್ದಿದ್ದಾರೆ. ಕಬ್ಬು ನುರಿಸುವ ಹಂಗಾಮಿನಲ್ಲಿ ರಸ್ತೆಯ ತುಂಬ ಅಂಥವೇ ಟ್ರ್ಯಾಲಿಗಳು!

"ಕೀಲಿ ಯಾರ ಬಲ್ಲಿ ಇರತಾವ?"

"ಒಂದು ನನ್ನ ಬಲ್ಲಿ. ಒಂದು ನಮ್ಮ ಹಳೇ ಆಳು ಬಕ್ಕಪ್ಪನ ಬಲ್ಲಿ. ಇವತ್ತಿಗೂ ವಾರಕ್ಕೊಮ್ಮಿ ಬಂದು ಗಾಡಿ ಒರಸೂದು, ಗಾಲಿ ತಿರುಗಸೂದು ಎಲ್ಲಾ ಅವನದೇ. ಅವ ಕದಿಯೂದಿಲ್ಲ ಮೇಡಂ."

"ಮಾರಿದ್ದು ಅವರಿಗೆ ಹೇಳಿದ್ರೇನು?"

ಲಲಿತಾಬಾಯಿ ಸೆರಗು ಸರಿಪಡಿಸಿಕೊಂಡರು. "ಹೇಳಬೇಕಿತ್ತು. ಮನಸ್ಸಿಗೇ ಬರಲಿಲ್ಲ ನೋಡ್ರಿ."

ಒಬ್ಬ ಮನುಷ್ಯನ ಮೂವತ್ತು ವರ್ಷ ಇನ್ನೊಬ್ಬರ ಮನಸ್ಸಿಗೆ ಬಾರದಿರುವುದು ಯಾವ ಕಲಮಿಗೂ ಸಿಗುವ ಅಪರಾಧವಲ್ಲ. ದೀಪಾಲಿ ಆ ಮಾತನ್ನು ಹೇಳಿಕೆಯಲ್ಲಿ ಬರೆಸಿಕೊಂಡು ಮುಂದೆ ನಡೆದರು.

ಬಕ್ಕಪ್ಪ ಈಗ ಹಳ್ಳಿಖೇಡ (ಬಿ)ಯಲ್ಲಿ ಮಗ ಉತ್ತಮನ ಮನೆಯಲ್ಲಿದ್ದ. ಮರುದಿನ ರಜಾಕ್ ಅಲ್ಲಿಗೆ ಹೋದ. ಗುರುವಾರ ಮುಂಜಾನೆ ಫೋನ್ ಮಾಡಿದ.

"ಮೇಡಂ, ಮುದುಕನ ಕಣ್ಣು ಮಂಜಾಗ್ಯಾವ. ಕೀಲಿ ಗೂಟಕ್ಕ ಅದ ಅಂತಾನ. ಗೂಟಕ್ಕ ಇಲ್ಲ."

"ಮಗ?"

"ಟ್ರ್ಯಾಕ್ಟರ್ ಹೊಡಿತಾನ. ಮಂಗಳವಾರದಿಂದ ಸಕ್ರಿ ಫ್ಯಾಕ್ಟರಿ ಪಾಳ್ಯಾಗ, ಕಬ್ಬಿನ ಗಾಡಿ ಸಾಲಿನ್ಯಾಗ ನಿಂತಾನ, ಮನೀಗೆ ಬಂದಿಲ್ಲ. ಇನ್ನೊಂದು ತಮಾಷಿ ಕೇಳ್ರಿ. ಡ್ರೈವರ್ ಮಂದಿ ಅವನಿಗೆ ಧರ್ಮರಾಯ ಅಂತ ಹೆಸರು ಇಟ್ಟಾರ. ತನ್ನ ಪಾಳಿ ಬಂದಾಗೊಮ್ಮೆ ಹಿಂದಿನವರಿಗೆ ಬಿಟ್ಟು ಕೊಡಾಕತ್ತಾನಂತ."

ದೀಪಾಲಿ ಕೈಯಲ್ಲಿದ್ದ ಚಹಾ ಕೆಳಗಿಟ್ಟರು. ಕಡಿದ ಕಬ್ಬು ಬಿಸಿಲಿಗೆ ನಿಂತಷ್ಟೂ ತೂಕ ಕಳೆದುಕೊಳ್ಳುತ್ತದೆ. ಆ ಸಾಲಿನಲ್ಲಿ ಒಂದು ಗಾಲಿಯಷ್ಟು ಜಾಗಕ್ಕೆ ತಲೆ ಒಡೆದ ಪ್ರಕರಣಗಳನ್ನು ಅವರೇ ಬರೆದಿದ್ದರು. ಅಲ್ಲಿ ಪಾಳಿ ಬಿಟ್ಟುಕೊಡುವವನ ಬಳಿ ತೂಗಿಸಲಾಗದ್ದು ಏನೋ ಇದೆ.

"ರಜಾಕ್, ಅವನ್ನ ಅಲ್ಲೇ ತಡೀರಿ. ನಾ ಬರಾಕತ್ತೇನಿ."

ಕಾರ್ಖಾನೆಯ ಅಂಗಳದಲ್ಲಿ ಟ್ರ್ಯಾಲಿಗಳ ಸಾಲು ಕಣ್ಣಿಗೆ ಕಾಣುವಷ್ಟು ದೂರ ನಿಂತಿತ್ತು. ಎಲ್ಲದರ ಕಬ್ಬಿನ ಸೋಗೆ ಹಸಿರು. ಒಂದರದು ಮಾತ್ರ ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಅದರ ಮುಂದೆ ಮೂವತ್ತರ ಆಸುಪಾಸಿನ ಉತ್ತಮ ಕುಕ್ಕರಗಾಲಲ್ಲಿ ಕೂತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತ. ಓಡಲಿಲ್ಲ.

"ಒಳಗ ಏನದ?"

"ನಿಮಗ ಗೊತ್ತಾಗೇ ಬಂದೀರಿ."

"ಇಲ್ಲಿಗ್ಯಾಕ ತಂದಿ?"

"ತರಲಿಲ್ರಿ. ಮನೀಗೆ ಒಯ್ಯಾಕತ್ತಿದ್ದೆ. ನಾಕಾಬಂದ್ಯಾಗ ರಸ್ತಾ ಖಾಲಿ ಮಾಡಾಕಂತ ನಿಮ್ಮ ಪೊಲೀಸರೇ ಕಬ್ಬಿನ ಗಾಡಿ ಎಲ್ಲಾ ಫ್ಯಾಕ್ಟರಿ ಕಡಿ ಹೊಳ್ಳಿಸಿದ್ರು. ಒಳಗ ಬಂದ ಮ್ಯಾಲ ಕಬ್ಬು ಖಾಲಿ ಮಾಡದ ಹೊರಗ ಬಿಡಂಗಿಲ್ಲ."

ರಜಾಕ್ ಕೆಮ್ಮಿ ಬೇರೆ ಕಡೆ ನೋಡಿದ.

ಲಲಿತಾಬಾಯಿ ಮತ್ತು ಗುರುನಾಥರನ್ನು ಗುರುತಿಸಲು ಕರೆಸಲಾಯಿತು. ಪಂಚರ ಎದುರು ಕಬ್ಬಿನ ಕಟ್ಟುಗಳನ್ನು ಒಂದೊಂದಾಗಿ ಇಳಿಸಿದರು. ಒಳಗೆ ಕೌದಿಗಳು. ಕಬ್ಬಿನ ಗಣಿಕೆ ತಾಗಿ ಗೀರು ಬೀಳಬಾರದೆಂದು ಇಡೀ ಕಾರಿಗೆ ಕೌದಿ ಹೊದಿಸಿದ್ದ. ಮೊದಲ ಕೌದಿ ಸರಿದಾಗ ಬೆಳ್ಳಿಯಂಥ ಒಂದು ಉಂಗುರ ಬಿಸಿಲಿಗೆ ಫಳ್ಳೆಂದಿತು. ಆಮೇಲೆ ದುಂಡನೆಯ ದೀಪ, ಬಾಗಿದ ಹೆಗಲು, ಆ ನವಿಲುಗೊರಳಿನ ಬಣ್ಣ. ಸಾಲಿನ ಚಾಲಕರು ಎಂಜಿನ್ ಆರಿಸಿ ಇಳಿದುಬಂದರು. ಮೂರು ದಿನದಿಂದ ಬೈಗುಳವೇ ಮಾತಾಗಿದ್ದ ಅಂಗಳದಲ್ಲಿ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟು ನಿಂತರು. ಒಬ್ಬ ಮುದುಕ ರೈತ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ತಾನು ಕೊಂಡ ವಸ್ತುವನ್ನು ಮುಟ್ಟಲು ಗುರುನಾಥನಿಗೂ ಧೈರ್ಯವಾಗಲಿಲ್ಲ.

ಹಲಗೆ ಇಟ್ಟು ಕಾರನ್ನು ನೆಲಕ್ಕೆ ಇಳಿಸಿದ ಮೇಲೆ ದೀಪಾಲಿ ಕಿಟಕಿಯಲ್ಲಿ ಬಗ್ಗಿ ನೋಡಿದರು. ಹಿಂದಿನ ಸೀಟಿನ ಮೇಲೆ ತೊಳೆದ ಬಿಳಿ ಧೋತರವೊಂದನ್ನು ಸುಕ್ಕಿಲ್ಲದಂತೆ ಹಾಸಲಾಗಿತ್ತು. ಒರಗಲು ಒಂದು ದಿಂಬು.

"ಇಲ್ಲಿ ಯಾರು ಕೂಡಾವರಿದ್ರು?"

ಉತ್ತಮ ನೆಲ ನೋಡಿದ. "ನಮ್ಮಪ್ಪ."

"ಅದಕ್ಕ ಕಳವು ಮಾಡಿದೇನು?"

"ಗಾಡಿ ಮಾರಿದ್ದು ಮಂದಿ ಬಾಯಾಗ ಕೇಳಿದೆ. ಟ್ರ್ಯಾಕ್ಟರಿಗೆ ಕಟ್ಟಿ ಒಮ್ಮಿ ಊರ ತುಂಬ ತಿರುಗಿಸಿ, ವಾಪಸ್ ಅದೇ ಕಲ್ಲಿನ ಮ್ಯಾಲ ನಿಂದ್ರಸಾವಿದ್ದೆ ರೀ. ಒರಸಾಕ ನಮ್ಮ ಕೈ ನಡೀತಿತ್ತು, ಸೀಟಿಗೆ ನಮ್ಮ ಮೈ ನಡೀಲಿಲ್ಲ. ಒಳಗಿನ ಸೀಟು ಒರಸುವಾಗೂ ಹೊರಗ ಮೊಣಕಾಲೂರಿ ಒರಸಬೇಕಿತ್ತು. ಅವನ ಕಣ್ಣು ಪೂರಾ ಹೋಗೂಕಿಂತ ಮೊದಲ..."

ದೀಪಾಲಿ ಲಲಿತಾಬಾಯಿಯತ್ತ ತಿರುಗಿದರು.

"ನಮ್ಮವರ ಕಟ್ಟಪ್ಪಣಿ ಇತ್ತು," ಎಂದರು ಆಕೆ. "ಯಾಕಂತ ನಿಮಗೂ ಗೊತ್ತದ, ನನಗೂ ಗೊತ್ತದ."

ಹುಟ್ಟಿನ ಮೇಲುಕೀಳನ್ನು ಒಪ್ಪದ ಶರಣರು ನಡೆದಾಡಿದ ನೆಲವಿದು. ಅದೇ ನೆಲದಲ್ಲಿ, ನಮ್ಮ ಕಣ್ಣೆದುರಿನ ಕಾಲದಲ್ಲಿ, ಕಾರಿನ ಸೀಟಿಗೂ ಮಡಿ ಇತ್ತು. ಅಂಥ ಅಪ್ಪಣೆ ಕೊಟ್ಟವರು ತೀರಿಹೋಗಿದ್ದರು. ತೀರಿಹೋದವರ ಮೇಲೆ ಎಫ್‌ಐಆರ್ ಆಗುವುದಿಲ್ಲ.

ರಜಾಕ್ ಬಕ್ಕಪ್ಪನನ್ನು ಕೈಹಿಡಿದು ಕರೆತಂದ. ಮುದುಕ ಬಾನೆಟ್ಟಿನ ಮೇಲೆ ಅಂಗೈ ಊರಿ, ಅಂಚಿನುದ್ದಕ್ಕೂ ಸವರಿದ.

"ಇದೇ ಏನು?" ದೀಪಾಲಿ ಕೇಳಿದರು.

"ಹೌದ್ರಿ. ಗೀರು ಬಿದ್ದಿಲ್ಲ." ಆ ಮುಖದಲ್ಲಿ ಒಂದು ಗಳಿಗೆ ಬೆಳಕಾಡಿತು, ಮಗನ ದಸ್ತಗಿರಿಯ ಮಾತು ಕಿವಿಗೆ ಬಿದ್ದು ಆರಿತು.

ಲಲಿತಾಬಾಯಿ ಹಿಂದಿನ ಬಾಗಿಲನ್ನು ತಾವೇ ತೆರೆದರು. "ಬಕ್ಕಪ್ಪ, ಕೂಡು. ನಾ ಹೇಳಾಕತ್ತೇನಿ, ಕೂಡು."

ಗುರುನಾಥನೂ ದನಿಗೂಡಿಸಿದ: "ಕೂಡ್ರಿ ಯಜಮಾನ್ರ, ನನ್ನದೇನೂ ತಕರಾರಿಲ್ಲ."

ಬಕ್ಕಪ್ಪ ಕೈ ಮುಗಿದ. "ಕದ್ದ ಗಾಡ್ಯಾಗ ಕೂಡೂದಿಲ್ರಿ ಅವ್ವಾರ. ಪಾಟೀಲ್ರು ಇದ್ದಾಗ ಯಾರರೆ ಕೂಡು ಅಂದಿದ್ರ ಕೂಡತಿದ್ದೆ. ಯಾರೂ ಅನ್ನಲಿಲ್ಲ." ಹೆಗಲ ವಸ್ತ್ರದಿಂದ ಸೀಟಿನ ಮೇಲೆ ಬಿದ್ದಿದ್ದ ಒಣ ಸೋಗೆಯನ್ನು ಒರೆಸಿದ. ಹೊರಗೆ ಮೊಣಕಾಲೂರಿಯೇ ಒರೆಸಿದ. ಆಮೇಲೆ ಸದ್ದಾಗದಂತೆ ಬಾಗಿಲು ಮುಚ್ಚಿದ.

ಉತ್ತಮನನ್ನು ದಸ್ತಗಿರಿ ಮಾಡಿದರು. ಪ್ರಕರಣದ ದಿನಚರಿಯಲ್ಲಿ ಉದ್ದೇಶವೆಂಬಲ್ಲಿ ದೀಪಾಲಿ ಬರೆದರು: ಲಾಭವಲ್ಲ, ತಂದೆಯನ್ನು ಹಿಂದಿನ ಸೀಟಿನಲ್ಲಿ ಒಮ್ಮೆ ಕೂರಿಸುವುದು.

ಮುದುಕನ ಹೇಳಿಕೆಯೂ ಬೇಕಿತ್ತು. ಅವರು ಜೀಪಿನ ಮುಂದಿನ ಬಾಗಿಲು ತೆರೆದರು.

"ಬರ್ರಿ ಅಪ್ಪಾರ. ಇಲ್ಲಿ ಕೂಡ್ರಿ."

ಬಕ್ಕಪ್ಪ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದ.

"ಹಾಕ್ಕೋರಿ," ಎಂದರು ದೀಪಾಲಿ.

ಅವನು ಚಪ್ಪಲಿಯನ್ನು ಕೆಳಗಿಟ್ಟು, ಒಂದೊಂದಾಗಿ ಕಾಲಿಗೆ ಸಿಕ್ಕಿಸಿ, ಏರಿ ಕೂತ.